ಮರುವಾಯಿ (ಚಿಪ್ಪುಮೀನು) ನಾಳೆ ತನಕ ಜೀವಂತ ಇರ್ಬೇಕು, ಒಳಗಿನ ಮರಳೂ ಹೋಗ್ಬೇಕು, ಹೆಂಗೆ?

ಬಾಳ್ಳುಪೇಟೆ ಅಡುಗೆಮನೆ:
ನಮ್ಮನೆಯವ್ರು ಮಂಗಳೂರಿಂದ ಬರ್ತಾ ಎರಡು ಕೆಜಿ ಮರುವಾಯಿ ತಂದವ್ರೆ, ಶಿರಾಡಿ ಘಾಟಿ ಹತ್ತಿ ಬರೋಷ್ಟೊತ್ತಿಗೆ ಕತ್ಲಾಗೋಯ್ತು, ನೆಂಟ್ರು ಬರೋದು ನಾಳೆ ಮಧ್ಯಾಹ್ನ. ಪ್ಲಾಸ್ಟಿಕ್ ಕವರಿಗೆ ಗಂಟು ಹಾಕಿ ಕೊಟ್ಟವ್ರೆ, ಒಂದಷ್ಟು ಬಾಯಿ ಬಿಟ್ಕಂಡು ನಾಲಿಗೆ ಥರ ಏನೋ ಆಚೆ ಹಾಕವೆ. ನಮಗೆ ಏಡಿ, ಕೆರೆಮೀನು ಗೊತ್ತು, ಇದು ಹೊಸದು. ಅತ್ತೆ ಬಕೆಟ್ ನೀರಲ್ಲಿ ಹಾಕಿಡು ಅಂತಾರೆ, ಹಾಕ್ಲಾ?

ಕರಾವಳಿಯಿಂದ ಮೂಡಿಗೆರೆಗೆ:
ಮೊದ್ಲು ಆ ಗಂಟು ಬಿಚ್ಚಿ ಅಕ್ಕಾ, ಉಸಿರು ಕಟ್ಟಿ ಸಾಯ್ತವೆ. ಬಕೆಟ್ ನೀರು ಬೇಡ್ವೇ ಬೇಡ, ಅವು ಉಪ್ಪು ನೀರಿನ ಜೀವಿ, ಸಪ್ಪೆ ನೀರಲ್ಲಿ ಬಾಯಿ ಮುಚ್ಕೊಂಡು ಕೂತ್ಬಿಡ್ತವೆ, ಮರಳು ಉಗಿಯಲ್ಲ, ಕೊನೆಗೆ ಸಾಯ್ತವೆ. ಇವತ್ತು ರಾತ್ರಿ ಅಗಲದ ಪಾತ್ರೆಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನ ಕೆಳಗಡೆ ಇಡಿ, ಮುಚ್ಚಳ ಬೇಡ, ಫ್ರೀಜರಿಗಂತೂ ಬೇಡ. ಬೆಳಿಗ್ಗೆ ಲೀಟರ್ ನೀರಿಗೆ 30 ಗ್ರಾಂ ಕಲ್ಲುಪ್ಪು ಪೂರ್ತಿ ಕರಗಿಸಿ ಅದ್ರಲ್ಲಿ ಮರುವಾಯಿನ ಎರಡು ಮೂರು ಗಂಟೆ ಬಿಡಿ. ತೂತಿನ ಜರಡಿ ಪಾತ್ರೆಯಲ್ಲಿ ಹಾಕಿ ಅದನ್ನ ಆ ನೀರಲ್ಲಿ ಇಳಿಬಿಡಿ, ಇಲ್ಲಾಂದ್ರೆ ಉಗಿದ ಮರಳನ್ನ ಮತ್ತೆ ಒಳಗೆ ಎಳ್ಕೊಳ್ತವೆ. ನೀರು ಚಿಪ್ಪು ಮುಳುಗುವಷ್ಟು ಸಾಕು, ಮೇಲೊಂದು ತಟ್ಟೆ ಮುಚ್ಚಿ, ಕತ್ತಲಿದ್ರೆ ಧೈರ್ಯವಾಗಿ ಬಾಯಿ ಬಿಡ್ತವೆ. ಆ ನಾಲಿಗೆ ಥರದ್ದು ಅದರ ಕಾಲು, ಮರಳು ತೋಡೋಕೆ, ಮುಟ್ಟಿದಾಗ ಒಳಗೆ ಎಳ್ಕೊಂಡ್ರೆ ಇನ್ನೂ ಜೀವ ಇದೆ. ಇನ್ನೊಂದು, ನಮ್ಮ ಕಡೆ ಬೆಳಿಗ್ಗೆ ನಲ್ಲಿ ನೀರೇ ಐಸ್ ಥರ ಇರುತ್ತಲ್ಲ, ಅಷ್ಟು ತಣ್ಣೀರಲ್ಲಿ ಮಂಕಾಗಿ ಕೂರ್ತವೆ, ನೀರನ್ನ ರಾತ್ರಿನೇ ಅಡುಗೆಮನೇಲಿ ಹಿಡಿದಿಡಿ. ಕ್ಲೋರಿನ್ ವಾಸನೆನೂ ಒಂದಿಷ್ಟು ಹೋಗುತ್ತೆ.

ಹಾಸನದ ಗುಂಡ:
ಇಷ್ಟೆಲ್ಲಾ ಯಾಕ್ ಗುರು, ನಾವು ಬೋರ್ ನೀರಲ್ಲೇ ರಾತ್ರಿಯೆಲ್ಲಾ ಇಡ್ತೀವಿ ಏನೂ ಆಗಿಲ್ಲ

ಕರಾವಳಿಯಿಂದ ಮೂಡಿಗೆರೆಗೆ:
ಗುಂಡಣ್ಣ, ಬೆಳಿಗ್ಗೆ ಅದ್ರಲ್ಲಿ ಎಷ್ಟು ಬದುಕಿದ್ವು ಅಂತ ತಟ್ಟಿ ನೋಡಿದ್ರಾ? ಬಾಯಿ ಬಿಟ್ಟಿದ್ದನ್ನ ತಟ್ಟಿದ್ರೆ ಮೆಲ್ಲಗೆ ಮುಚ್ಕೊಬೇಕು, ಮುಚ್ಚಲ್ಲ ಅಂದ್ರೆ ಸತ್ತಿದೆ, ಎಸೀಬೇಕು. ಚಿಪ್ಪು ಒಡೆದಿದ್ದು, ಕೊಳೆತ ವಾಸನೆ ಬರೋದೂ ಅಷ್ಟೇ. ಹೊಟ್ಟೆ ಕೆಟ್ರೆ ಬೋರ್ ನೀರನ್ನ ಬೈಬೇಡಿ.

ಚಿಕ್ಕಮಗಳೂರು ಕೋಟೆ:
ನಂದೊಂದು ಸೇರಿಸ್ತೀನಿ. ಒಂದೊಂದನ್ನೇ ಬೆರಳಲ್ಲಿ ಹಿಡಿದು ಎರಡು ಚಿಪ್ಪನ್ನೂ ಅಡ್ಡಡ್ಡ ಉಜ್ಜಿ ನೋಡಿ, ಗಟ್ಟಿಯಾಗಿದ್ರೆ ಸರಿ, ಜಾರಿ ಬಿಚ್ಕೊಂಡ್ರೆ ಒಳಗೆ ಬರೀ ಕಪ್ಪು ಕೆಸರು, ಅಂಥದ್ದೊಂದು ಪಾತ್ರೆಗೆ ಬಿದ್ರೆ ಇಡೀ ಸುಕ್ಕ ಪಲ್ಯ ಹೋಯ್ತು. ಆಮೇಲೆ ನಾರಲ್ಲಿ ಚಿಪ್ಪು ತಿಕ್ಕಿ ತೊಳೆದು ಸ್ವಲ್ಪವೇ ನೀರಲ್ಲಿ ಮುಚ್ಚಿ ಬೇಯಿಸಿ, ಬಾಯಿ ಬಿಟ್ಟ ಮೇಲೂ ಐದು ನಿಮಿಷ. ಬೆಂದ್ರೂ ತೆರೆಯದೇ ಇರೋದನ್ನ ಕಿತ್ತು ತಿನ್ನೋಕೆ ಹೋಗ್ಬೇಡಿ. ಬೇಯುವಾಗ ಬಿಟ್ಟ ನೀರನ್ನ ಮಾತ್ರ ಚೆಲ್ಲಬೇಡ್ರಪ್ಪಾ, ತೆಳು ಬಟ್ಟೇಲಿ ಸೋಸಿ ಮಸಾಲೆಗೆ ಹಾಕಿ, ರುಚಿಯೆಲ್ಲಾ ಅಲ್ಲೇ ಇರೋದು, ಮೊದ್ಲೇ ಉಪ್ಪಿರುತ್ತೆ ಹಾಗಾಗಿ ಉಪ್ಪು ಕೊನೇಗೆ ನೋಡ್ಕೊಂಡು.

ಬಾಳ್ಳುಪೇಟೆ ಅಡುಗೆಮನೆ:
ಕವರ್ ಬಿಚ್ಚಿ ಬಟ್ಟೆ ಮುಚ್ಚಿ ಇಟ್ಟಾಯ್ತು. ತಟ್ಟಿ ನೋಡ್ದೆ, ಒಂದು ಹಿಡಿಯಷ್ಟು ಮುಚ್ಕಳ್ಳಿಲ್ಲ, ಆಚೆ ಹಾಕ್ದೆ. ಅಯೋಡಿನ್ ಪುಡಿ ಉಪ್ಪು ಆಗುತ್ತಾ, ಕಲ್ಲುಪ್ಪು ಖಾಲಿ?

ಕರಾವಳಿಯಿಂದ ಮೂಡಿಗೆರೆಗೆ:
ಬೇರೆ ಇಲ್ಲ ಅಂದ್ರೆ ಅದೇ ಹಾಕಿ, ಕಲ್ಲುಪ್ಪು ಒಳ್ಳೇದು ಅಷ್ಟೇ. ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ತಂದ್ರೂ ಟೈಮಿದೆಯಲ್ಲ.