ಸರ್ಪಸುತ್ತಿನ ಜಗಳಕ್ಕೆ ನನ್ನದೂ ಒಂದು ಮಾತು

ಬೆರಳಿನಲ್ಲಿ ಒತ್ತಿ ಬರೆಯುತ್ತಾ ಕುಳಿತರೆ ರಾತ್ರಿಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳಿಬಿಡುತ್ತೇನೆ. ಕುಕ್ಕರ್ ಇಟ್ಟಿದ್ದೇನೆ, ನಡುವೆ ಸೀಟಿ ಕೇಳಿದರೆ ಗಾಬರಿಯಾಗಬೇಡಿ.

ನಮ್ಮ ಮನೆಯವರ ಈ ಗುಂಪನ್ನು ತಡವಾಗಿ ನೋಡುವವರಿಗಾಗಿ ಮೊದಲು ಸಂಗತಿ ಹೇಳುತ್ತೇನೆ. ತಮ್ಮನಿಗೆ ನಿನ್ನೆ ಬೆಳಿಗ್ಗೆ ಸೊಂಟದ ಬಲಗಡೆ ಗುಳ್ಳೆಗಳು ಎದ್ದಿವೆ, ಸರ್ಪಸುತ್ತು. ನಾದಿನಿ, ಎಂದರೆ ಅವನ ಹೆಂಡತಿ, ಅವನನ್ನು ಪಕ್ಕದ ಊರಿನಲ್ಲಿ ಮಣ್ಣು ಹಚ್ಚುವವರ ಹತ್ತಿರ ಕರೆದುಕೊಂಡು ಹೋಗಿದ್ದಾಳೆ. ಆಸ್ಪತ್ರೆಯ ಔಷಧಿ ತೆಗೆದುಕೊಂಡರೆ ಅದು ಒಳಗೆ ಸೇರಿಕೊಳ್ಳುತ್ತದೆ ಎಂದು ಅವರು ಹೇಳಿ ಕಳುಹಿಸಿದ್ದಾರೆ. ಅದನ್ನು ಅವಳು ಇಲ್ಲಿ ಬರೆದದ್ದೇ ತಡ, ಪುಣೆಯಲ್ಲಿರುವ ನನ್ನ ಮಗ 'ಇದೆಲ್ಲ ಮೂಢನಂಬಿಕೆ' ಎಂದು ಬರೆದು ಮೂರು ಲಿಂಕ್ ಎಸೆದ. ಆಮೇಲೆ ಅವಳ ಕಡೆಯಿಂದ ಒಂದು ಅಕ್ಷರವೂ ಇಲ್ಲ.

ಮಗನೇ, ಮೊದಲು ನಿನಗೆ. ಹೊಸ ಕಾರನ್ನು ಮಂಗಳವಾರ ಕೊಡುತ್ತೇವೆ ಎಂದಾಗ ಗುರುವಾರಕ್ಕೆ ಮುಂದೂಡಿಸಿಕೊಂಡವನು ನೀನೇ. ಜೀರಿಗೆ ನೀರಿನಿಂದ ಲಿವರ್ ತೊಳೆದುಹೋಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಆರು ತಿಂಗಳಿಂದ ಬರಿಹೊಟ್ಟೆಯಲ್ಲಿ ಕುಡಿಯುತ್ತಿದ್ದೀಯ. ನಾನು ಏನಾದರೂ ಅಂದೆನೇ? ಅತ್ತೆ ಹೆದರಿದ್ದಾಳೆ. ಹೆದರಿದವರಿಗೆ ಲಿಂಕ್ ಕಳುಹಿಸುತ್ತಾರೆಯೇ?

ಇನ್ನು ನಾದಿನಿ, ನಿನಗೆ. ನಿನ್ನ ಅತ್ತೆಗೆ, ಎಂದರೆ ನಮ್ಮ ಅವ್ವನಿಗೆ, 2011ರಲ್ಲಿ ಇದೇ ಆದದ್ದು ನಿನಗೆ ನೆನಪಿದೆ, ಆದರೆ ಪೂರ್ತಿ ಗೊತ್ತಿಲ್ಲ. ಆಗ ನೀವು ಹುಬ್ಬಳ್ಳಿಯಲ್ಲಿದ್ದಿರಿ. ಅವ್ವನಿಗೆ ಅರವತ್ತೆಂಟು. ಎಡ ಬೆನ್ನಿನಿಂದ ಎದೆಯ ಕೆಳಗಿನವರೆಗೆ, ದಾರ ಹಿಡಿದು ಎಳೆದ ಹಾಗೆ ಗುಳ್ಳೆಗಳ ಸಾಲು. ನಾವೂ ಕೆಮ್ಮಣ್ಣು ಹಚ್ಚಿಸಿದೆವು, ನಾಗರಕಟ್ಟೆಗೆ ಹಾಲೆರೆದೆವು, ಗುಣವಾದರೆ ಕುಕ್ಕೆಗೆ ಬರುತ್ತೇವೆ ಎಂದು ಮುಡಿಪು ಕಟ್ಟಿದೆವು. ಮೂರನೆಯ ದಿನ ನನಗೆ ಧೈರ್ಯ ಸಾಲದೆ ಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವ್ವನ ಬೆನ್ನು ನೋಡುವ ಮೊದಲೇ ನನ್ನ ಮುಖ ನೋಡಿ, "ಓದಿದವರಾಗಿ ಮಣ್ಣು ಮೆತ್ತಿಸಿಕೊಂಡು ಬಂದಿದ್ದೀರಲ್ಲ" ಎಂದರು. ಅವ್ವ ರವಿಕೆಯ ಗುಂಡಿ ಹಾಕಿಕೊಂಡು ಎದ್ದು ಬಂದಳು. ಬರೆದುಕೊಟ್ಟ ಚೀಟಿ ಮೇಜಿನ ಮೇಲೆಯೇ ಉಳಿಯಿತು. ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಿಸಲು ಆರು ದಿನ ಬೇಕಾಯಿತು.

ಎರಡನೆಯವರು ವಯಸ್ಸಾದ ಹೆಂಗಸು. ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಹೆಡೆ ಎಲ್ಲಿಗೆ ಬಂದಿದೆ?" ಹೆಡೆಯೂ ಬಾಲವೂ ಕೂಡಿದರೆ ಜೀವ ಉಳಿಯುವುದಿಲ್ಲ ಎಂಬುದು ಅವಳ ಭಯ, ಈಗ ನಿನ್ನದೂ ಅದೇ. ಆ ಡಾಕ್ಟರು ನಗಲಿಲ್ಲ. ಅವ್ವನ ಬೆನ್ನುಮೂಳೆಯ ಮೇಲೆ ಬೆರಳಿಟ್ಟು, ಪಕ್ಕೆಲುಬಿನ ಗುಂಟ ಮುಂದಕ್ಕೆ ತಂದು, ಎದೆಯ ನಡುಗೆರೆಯಲ್ಲಿ ನಿಲ್ಲಿಸಿದರು. "ನರ ಇಲ್ಲಿ ಹುಟ್ಟಿ ಇಲ್ಲಿಗೆ ಮುಗಿಯುತ್ತದೆ ತಾಯಿ, ಆ ಕಡೆಯದು ಬೇರೆ ನರ. ಇದು ಗೆರೆ ದಾಟುವುದಿಲ್ಲ." ಒಂಬತ್ತು ದಿನಗಳಲ್ಲಿ ಮೊದಲ ಸಲ ಅವ್ವನ ಭುಜ ಇಳಿದದ್ದನ್ನು ನಾನು ಕಂಡೆ.

ಆ ದಿನ ಅವರು ನನಗೂ ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ನಮಗೆಲ್ಲ 'ಅಮ್ಮ' ಎದ್ದಿತ್ತಲ್ಲ, ಸೀತಾಳೆ ಸಿಡುಬು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಒಗ್ಗರಣೆ ನಿಲ್ಲಿಸುತ್ತಿದ್ದರಲ್ಲ, ಅದೇ ವೈರಸ್ ಇದು. ಮೈಮೇಲಿನ ಗುಳ್ಳೆ ಒಣಗಿದರೂ ಅದು ದೇಹ ಬಿಟ್ಟು ಹೋಗುವುದಿಲ್ಲ, ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಎದ್ದು, ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಅರ್ಧ ಸುತ್ತು, ಅದಕ್ಕೇ ಒಂದೇ ಪಕ್ಕ. ರೋಗನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ ಮಾತ್ರ ಅಪರೂಪಕ್ಕೆ ಮೈಯೆಲ್ಲಾ ಹರಡುತ್ತದೆಯಂತೆ, ಆಗ ಜೀವಕ್ಕೆ ಅಪಾಯವೂ ಹೌದು. ಹಳೆಯವರು ಅಂಥ ಒಂದಿಬ್ಬರನ್ನು ಕಂಡೇ ಹೆಡೆ ಬಾಲದ ಮಾತು ಹುಟ್ಟಿಸಿದರೋ ಏನೋ ಎಂದು ನನಗೆ ಅನ್ನಿಸುತ್ತದೆ. ಬೇವಿನ ಸೊಪ್ಪಿನದೂ ಅಷ್ಟೇ. ಅದನ್ನು ಕಂಡವರು ಯಾರೂ ಒಳಗೆ ಕಾಲಿಡುತ್ತಿರಲಿಲ್ಲ, ನಮ್ಮನ್ನು ಬೇರೆ ಮನೆಗೆ ಬಿಡುತ್ತಲೂ ಇರಲಿಲ್ಲ. ಹರಡುವ ಕಾಯಿಲೆಗೆ ಅದಕ್ಕಿಂತ ಒಳ್ಳೆಯ ಬೋರ್ಡು ಬೇಕೇ? ಅಜ್ಜಿಯರು ದಡ್ಡರಾಗಿರಲಿಲ್ಲ.

ಸೀಟಿ ಬಂತು, ಒಂದು ನಿಮಿಷ.

ಹಾಂ. ಮಣ್ಣು ಹಚ್ಚಿದವರಿಗೆಲ್ಲ ವಾಸಿಯಾಗಿದೆಯಲ್ಲ ಎಂದು ನೀನು ಕೇಳುತ್ತೀಯ. ಆಗಿದೆ, ಸುಳ್ಳಲ್ಲ. ಹಚ್ಚದಿದ್ದರೂ ಎರಡರಿಂದ ನಾಲ್ಕು ವಾರಗಳಲ್ಲಿ ಗುಳ್ಳೆ ತಾನಾಗಿ ಒಣಗುತ್ತದೆ. ಮಣ್ಣು ತಂಪಾಗಿರುತ್ತದೆ, ಹಚ್ಚುವವರು ಪ್ರೀತಿಯಿಂದ ಮಾತಾಡಿಸುತ್ತಾರೆ, ಹೆಸರು ಹೆಸರು ಹಿಡಿದು ಆರೋಗ್ಯ ಕೇಳುತ್ತಾರೆ. ಎಷ್ಟು ಆಸ್ಪತ್ರೆಗಳಲ್ಲಿ ಅದು ಸಿಗುತ್ತದೆ? ಆದರೆ ಒಡೆದ ಗುಳ್ಳೆಯ ಮೇಲೆ ಹಸಿ ಮಣ್ಣು ಬಿದ್ದು ಅವ್ವನಿಗೆ ಕೀವಾಯಿತು. ಅದಕ್ಕಿಂತ ದೊಡ್ಡದು ಆಮೇಲೆ ಬಂತು.

ಗುಳ್ಳೆಗಳೆಲ್ಲ ಹೋದವು, ನೋವು ಹೋಗಲಿಲ್ಲ. ಒಂದೂವರೆ ವರ್ಷ. ಹುಟ್ಟಿದಾಗಿನಿಂದ ಸೀರೆ ರವಿಕೆ ಬಿಟ್ಟು ಬೇರೆ ಕಾಣದವಳು ಅವ್ವ. ರವಿಕೆಯ ಹೊಲಿಗೆ ತಾಗಿದರೆ ಬೆಂಕಿ ಇಟ್ಟ ಹಾಗೆ ಆಗುತ್ತಿತ್ತು. ಕೊನೆಗೆ ಅಪ್ಪನ ಹಳೆಯ ಪಂಚೆ, ಒಗೆದು ಒಗೆದು ಬಾಳೆ ಎಲೆಯ ಸುಳಿಯಂತೆ ಮೆತ್ತಗಾದದ್ದು, ಅದನ್ನು ಬೆನ್ನಿಗೆ ಸಡಿಲವಾಗಿ ಸುತ್ತಿಕೊಂಡು ಒಳಕೋಣೆಯಲ್ಲಿ ಕೂರುತ್ತಿದ್ದಳು. ಫ್ಯಾನಿನ ಗಾಳಿಯೂ ತಡೆಯದು. ಯಾರಾದರೂ ಬಂದರೆ ಹೊರಗೆ ಬರುತ್ತಿರಲಿಲ್ಲ. ಬಂದವರು, "ಮಣ್ಣಿನಿಂದ ವಾಸಿಯಾಯಿತಲ್ಲ, ಪುಣ್ಯ" ಎಂದು ನಮಗೆ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು.

ಮೊದಲ ದಿನವೇ ಆಸ್ಪತ್ರೆಗೆ ಹೋಗಿದ್ದರೆ ಆ ನೋವು ಬರುತ್ತಲೇ ಇರಲಿಲ್ಲ ಎಂದು ನಾನು ಆಣೆ ಇಟ್ಟು ಹೇಳಲಾರೆ. ವಯಸ್ಸಾದಷ್ಟೂ ಅದು ಕಾಡುವುದು ಹೆಚ್ಚು. ಆದರೆ ಈ ವೈರಸ್ಸಿಗೆ ಮಾತ್ರೆ ಇದೆ, ಗುಳ್ಳೆ ಎದ್ದ 72 ಗಂಟೆಗಳ ಒಳಗೆ ಶುರು ಮಾಡಿದರೆ ಅದರ ಪೂರ್ತಿ ಪ್ರಯೋಜನ. ನಾವು ಒಂಬತ್ತನೆಯ ದಿನ ಹೋದೆವು. ಆ ಡಾಕ್ಟರು ಬೈಯಲಿಲ್ಲ, "ಸ್ವಲ್ಪ ಮೊದಲೇ ಬಂದಿದ್ದರೆ" ಎಂದು ಅರ್ಧಕ್ಕೆ ನಿಲ್ಲಿಸಿದರು. ಉಳಿದ ಅರ್ಧವನ್ನು ನಾನೇ ಎಷ್ಟೋ ರಾತ್ರಿ ಮುಗಿಸಿಕೊಂಡಿದ್ದೇನೆ.

ನೀನು ಮಾಡಿದ್ದರಲ್ಲಿ ಒಂದು ಸರಿಯಿದೆ, ನಿನ್ನೆಯೇ ಓಡಿದೆ. ಕೆಮ್ಮು, ಸಕ್ಕರೆ ಎಂದರೆ ತಿಂಗಳುಗಟ್ಟಲೆ ಮುಂದೂಡುವ ನಮ್ಮ ಜನ ಸರ್ಪಸುತ್ತು ಎಂದರೆ ಅದೇ ದಿನ ಚಪ್ಪಲಿ ಮೆಟ್ಟುತ್ತಾರೆ. ನಾಗಪ್ಪನ ಭಯ ಕಲಿಸಿದ ಅವಸರ ಅದು. ಅದೇ ಅವಸರದಲ್ಲಿ ನಾಳೆ ಚರ್ಮದ ಡಾಕ್ಟರ ಹತ್ತಿರ ಹೋಗೋಣ. ನಾಳೆ ಬೆಳಿಗ್ಗೆಗೆ 48 ಗಂಟೆ, ಇನ್ನೂ ಕಾಲವಿದೆ. ಹಾಲೆರೆಯುವುದನ್ನು ಬಿಡಬೇಡ, ಮುಡಿಪೂ ಇರಲಿ, ಗುಣವಾದ ಮೇಲೆ ಕುಕ್ಕೆಗೆ ನಾನೂ ಬರುತ್ತೇನೆ. ಮಣ್ಣನ್ನು ಮಾತ್ರ ಈ ರಾತ್ರಿ ಉಗುರುಬೆಚ್ಚನೆಯ ನೀರಿನಲ್ಲಿ ಮೆಲ್ಲಗೆ ತೊಳೆದುಬಿಡು, ಉಜ್ಜಬೇಡ.

ಇನ್ನೆರಡು ಮಾತು, ಇವು ತಡೆಯುವಂಥವಲ್ಲ. ಬರೀ ಗಂಜಿಯ ಪಥ್ಯ ಎಂದೆಯಲ್ಲ, ಅವನು ಸಕ್ಕರೆಯ ಮಾತ್ರೆ ನುಂಗುವವನು. ಊಟ ಕಡಿಮೆ, ಮಾತ್ರೆ ಅಷ್ಟೇ ಎಂದರೆ ಸಕ್ಕರೆ ಇಳಿದು ತಲೆ ತಿರುಗಿ ಬಿದ್ದಾನು. ಒಗ್ಗರಣೆ ಬೇಡವಾದರೆ ಬೇಡ, ಅನ್ನ ಬೇಳೆ ಹೊಟ್ಟೆ ತುಂಬ ಕೊಡು. ನಿನ್ನ ಸೊಸೆ ಬಸುರಿ, ಅವಳಿಗೆ ಚಿಕ್ಕಂದಿನಲ್ಲಿ 'ಅಮ್ಮ' ಎದ್ದಿತ್ತೇ ಎಂದು ಅವಳ ತಾಯಿಯನ್ನು ಈಗಲೇ ಕೇಳು. ಎದ್ದಿರದಿದ್ದರೆ ಗುಳ್ಳೆಯ ನೀರಿನಿಂದ ಅವಳಿಗೆ ಸೀತಾಳೆ ಸಿಡುಬು ತಗಲಬಹುದು. ಹಕ್ಕಳೆ ಕಟ್ಟುವವರೆಗೆ ಅವನ ಬಟ್ಟೆ, ಹಾಸಿಗೆ ಅವಳು ಮುಟ್ಟುವುದು ಬೇಡ. ಈಗಾಗಲೇ ಮುಟ್ಟಿದ್ದರೆ ಅವಳ ಹೆರಿಗೆ ಡಾಕ್ಟರಿಗೂ ತಿಳಿಸು.

ಐವತ್ತು ದಾಟಿದವರಿಗೆ ಇದಕ್ಕೊಂದು ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ, ಎರಡು ಡೋಸು, ಅಗ್ಗವಲ್ಲ. ಆ ಚರ್ಚೆ ಇನ್ನೊಂದು ದಿನ. ಮಗನೇ, ಜೀರಿಗೆ ನೀರಿನ ದುಡ್ಡು ಉಳಿಸಿ ನನಗೆ ಹಾಕಿಸಬಹುದು.

ನಾಳೆ ಆರೂಮುಕ್ಕಾಲರ ಬಸ್ಸಿಗೆ ಬರುತ್ತೇನೆ, ಎಂಟಕ್ಕೆ ನಿಮ್ಮ ಮನೆಯಲ್ಲಿರುತ್ತೇನೆ. ತಮ್ಮನಿಗೆ ಬಿಗಿಯಾದ ಪ್ಯಾಂಟು ಹಾಕಿಸಬೇಡ. ನಿಮ್ಮ ಬೀರುವಿನ ಕೆಳಗಿನ ಅರೆಯಲ್ಲಿ ಅಪ್ಪನ ಪಂಚೆ ಇರಬೇಕು, ಅವ್ವ ಸುತ್ತಿಕೊಳ್ಳುತ್ತಿದ್ದದ್ದು. ಅದನ್ನು ತೆಗೆದಿಡು.