ಸಾಗಣೆ ಸಲಹೆಗಾರನಿಗೆ ಹಣ ಕೊಡುವವರು ಯಾರು?

ಪ್ರಶ್ನೆ (ಬೆಳಗಾವಿ, ಉದ್ಯಮಬಾಗ್): ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುವ ಸಣ್ಣ ಫೌಂಡ್ರಿ ನಮ್ಮದು. ಪುಣೆ, ಕೊಯಮತ್ತೂರು, ರಾಜಕೋಟ್‌ಗೆ ಮಾಲು ಹೋಗುತ್ತದೆ. ತಿಂಗಳ ಲಾರಿ ಬಾಡಿಗೆ ಸುಮಾರು 4 ಲಕ್ಷ ರೂಪಾಯಿ. ಸಾಗಣೆ ಸಲಹೆಗಾರರೊಬ್ಬರು ಬಂದು, ‘ಶೇ 15ರಷ್ಟು ಉಳಿಸಿಕೊಡುತ್ತೇನೆ, ಉಳಿದದ್ದರಲ್ಲಿ ಮೂರನೇ ಒಂದು ಪಾಲು ನನಗೆ’ ಎನ್ನುತ್ತಿದ್ದಾರೆ. ಉಳಿಯದಿದ್ದರೆ ಏನೂ ಕೊಡಬೇಕಿಲ್ಲವಂತೆ. ಒಪ್ಪಬಹುದೇ?

ಉತ್ತರ: ಶೇ 15 ಎಂಬ ಮಾತು ಬಂದದ್ದು ನಿಮ್ಮ ಬಿಲ್‌ಗಳನ್ನು ನೋಡಿದ ಮೇಲೋ, ಮೊದಲೋ? ನೋಡುವ ಮೊದಲೇ ಹೇಳಿದ್ದರೆ ಅದನ್ನು ಅಂದಾಜು ಎಂದೂ ಕರೆಯಲಾಗದು.

ಅನುಭವ ಎಷ್ಟು ವರ್ಷದ್ದು ಎಂದು ಎಲ್ಲರೂ ಕೇಳುತ್ತಾರೆ. ಆದಾಯ ಎಲ್ಲೆಲ್ಲಿಂದ ಎಂದು ಯಾರೂ ಕೇಳುವುದಿಲ್ಲ. ಟ್ರಾನ್ಸ್‌ಪೋರ್ಟ್ ಕಂಪನಿಗಳಿಂದ ಕಮಿಷನ್ ಪಡೆಯುವುದು ತಪ್ಪೇನಲ್ಲ, ಲಾರಿ ಬ್ರೋಕರ್‌ಗಳ ವೃತ್ತಿ ನಡೆಯುವುದೇ ಅದರಿಂದ. ಆದರೆ ಅಲ್ಲೂ ಪಡೆದು ನಿಮ್ಮಿಂದಲೂ ಪಡೆಯುವವರ ಸಲಹೆ ಕಮಿಷನ್ ಕೊಡುವ ಕಂಪನಿಯತ್ತಲೇ ವಾಲುತ್ತದೆ. ‘ಈ ಕೆಲಸಕ್ಕಾಗಿ ಬೇರೆ ಯಾರಿಂದಲೂ ಹಣ ಪಡೆಯುವುದಿಲ್ಲ’ ಎಂಬ ಸಾಲನ್ನು ಒಪ್ಪಂದದಲ್ಲಿ ಬರೆಸಿ. ಸಹಿ ಹಾಕಲು ತಡವರಿಸಿದರೆ ಚಹಾ ಕೊಟ್ಟು ಕಳುಹಿಸಿಬಿಡಿ.

ಇನ್ನು ಉಳಿತಾಯದ ಪಾಲು. ಯಾವುದಕ್ಕೆ ಹೋಲಿಸಿ ಉಳಿತಾಯ? ಕಳೆದ 12 ತಿಂಗಳ ಬಿಲ್‌ಗಳನ್ನು ತೆಗೆದು, ಮಾರ್ಗವಾರು ಟನ್ನಿಗೆ ಎಷ್ಟು ಬಿದ್ದಿದೆ ಎಂದು ನೀವೇ ಲೆಕ್ಕ ಹಾಕಿ. ಅದು ಇಬ್ಬರೂ ಒಪ್ಪಿದ ಮೂಲ ದರವಾಗಲಿ. ಡೀಸೆಲ್ ಇಳಿದು ಬಾಡಿಗೆ ತಾನಾಗಿ ಇಳಿದರೆ ಅದರಲ್ಲಿ ಅವರಿಗೆ ಪಾಲಿಲ್ಲ. ಲೆಕ್ಕದಲ್ಲಿ ಹಾಲ್ಟಿಂಗ್ (ಲಾರಿ ಕಾಯಿಸಿದ್ದಕ್ಕೆ ಕೊಡುವ ಹಣ), ಹಮಾಲಿ, ಡೋರ್ ಡೆಲಿವರಿ, ಡಾಕೆಟ್ (ಬುಕಿಂಗ್ ಕಾಗದದ) ಶುಲ್ಕ ಎಲ್ಲವೂ ಸೇರಿರಬೇಕು. ಬಾಡಿಗೆಯ ಕಾಲಂನಲ್ಲಿ ಇಳಿದ ಹಣ ಹಾಲ್ಟಿಂಗ್ ಕಾಲಂನಲ್ಲಿ ಎದ್ದು ಬರುವುದು ಈ ವ್ಯವಹಾರದಲ್ಲಿ ಮಾಮೂಲು.

ಇಡೀ ಲಾರಿಯಲ್ಲಿ ಫುಲ್ ಲೋಡ್ ಹೋಗುತ್ತಿದ್ದ ಮಾಲನ್ನು ಬೇರೆಯವರ ಮಾಲಿನ ಜೊತೆ ಪಾರ್ಟ್ ಲೋಡ್‌ಗೆ ಹಾಕಿದರೂ ಬಾಡಿಗೆ ಇಳಿಯಬಹುದು. ಆದರೆ ನಡುವಿನ ಗೋದಾಮುಗಳಲ್ಲಿ ಮಾಲು ಇಳಿದು ಹತ್ತುವಾಗ ಎರಕದ ಅಂಚು ಒಡೆದು, ಗ್ರಾಹಕರು ಅದನ್ನು ಹಿಂದಕ್ಕೆ ಕಳುಹಿಸಿದರೆ ಆ ನಷ್ಟ ಸಲಹೆಗಾರರ ಉಳಿತಾಯದ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ನಿಮ್ಮದು ತೂಕದ ಮಾಲಾದ್ದರಿಂದ ಇನ್ನೊಂದು ಅಪಾಯವೂ ಇದೆ: ಓವರ್‌ಲೋಡ್. ಎರಡು ಆಕ್ಸಲ್‌ನ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 16.2 ಟನ್‌ನಿಂದ 18.5 ಟನ್‌ಗೆ ಏರಿಸಿದರು. ಅದರಲ್ಲಿ ಲಾರಿಯ ಸ್ವಂತ ತೂಕವೂ ಸೇರಿದೆ. ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಡಿ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಈ ಕಲಮು ಓಡಿಸಿದವರನ್ನು ಮಾತ್ರವಲ್ಲ, ಓಡಿಸಲು ಬಿಟ್ಟವರನ್ನೂ ಹಿಡಿಯುತ್ತದೆ. ಟನ್ನಿನ ದರ ಅನುಮಾನ ಬರುವಷ್ಟು ಇಳಿದಿದ್ದರೆ ಲಾರಿ ತೂಗಿದ ವೇಬ್ರಿಡ್ಜ್ ಚೀಟಿ ಕೇಳಿ.

ನಾನು ಮೆಚ್ಚುವ ಸಲಹೆಗಾರ ಎಂದರೆ ನಿಮ್ಮ ಲೋಡಿಂಗ್ ಅಂಗಳದಲ್ಲಿ ಅರ್ಧ ದಿನ ನಿಂತು ನೋಡುವವನು. ಬೆಳಿಗ್ಗೆ ಬಂದ ಲಾರಿ ಸಂಜೆಗೆ ಹೊರಟರೆ ಆ ಕಾಯುವಿಕೆಯ ಬೆಲೆ ನಿಮ್ಮ ದರದೊಳಗೇ ಕೂತಿರುತ್ತದೆ. ಕಚ್ಚಾ ಮಾಲು ತಂದ ಲಾರಿ ಖಾಲಿಯಾಗಿ ಮರಳುತ್ತಿದೆಯೇ ಎಂದು ಕೇಳುವವನಿಗೆ ವ್ಯವಹಾರ ಗೊತ್ತು. ಇಂಥವನಿಗೆ ಎರಡು ತಿಂಗಳ ನಿಗದಿತ ಶುಲ್ಕ ಕೊಟ್ಟು ಅಧ್ಯಯನ ಮಾಡಿಸುವುದು ಉಳಿತಾಯದಲ್ಲಿ ಪಾಲು ಕೊಡುವುದಕ್ಕಿಂತ ಅಗ್ಗ. ನಿಮ್ಮ ಲೆಕ್ಕದಲ್ಲೇ ನೋಡಿ: 60,000 ಉಳಿದರೆ ಪ್ರತಿ ತಿಂಗಳೂ 20,000 ಅವರಿಗೆ. ಎಷ್ಟು ವರ್ಷದವರೆಗೆ ಎಂದು ಅವರು ಹೇಳಿದ್ದಾರೆಯೇ?

ಮರುಪ್ರಶ್ನೆ (ಬೆಳಗಾವಿಯ ಅದೇ ಫೌಂಡ್ರಿಯವರು): ಅವಧಿ ಹೇಳಿಲ್ಲ. ಅವರ ಲೈಸೆನ್ಸ್ ಎಲ್ಲಿ ಪರಿಶೀಲಿಸಬೇಕು?

ಉತ್ತರ: ಸಲಹೆ ಕೊಡುವುದಕ್ಕೆ ಲೈಸೆನ್ಸ್ ಬೇಕಿಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಮಾಲನ್ನು ತಾನೇ ಬುಕ್ ಮಾಡಿಕೊಂಡು ರಸೀದಿ ಕೊಟ್ಟರೆ ಮಾತು ಬೇರೆ. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಪ್ರಕಾರ ಅಂಥ ಬುಕಿಂಗ್ ಏಜೆಂಟ್, ಬ್ರೋಕರ್ ಕೂಡ ‘ಕಾಮನ್ ಕ್ಯಾರಿಯರ್’ (ಎಲ್ಲರ ಮಾಲನ್ನೂ ಒಯ್ಯುವ ಸಾಗಣೆದಾರ), ನೋಂದಣಿ ಕಡ್ಡಾಯ. ಎಲ್‌ಆರ್ (ಲಾರಿ ರಸೀದಿ) ಮೇಲೆ ಯಾರ ಹೆಸರಿದೆ ಎಂದು ನೋಡಿ, ಆ ಹೆಸರಿನ ನೋಂದಣಿ ಪತ್ರ ಕೇಳಿ.

ಇದೇ ಕಾಯ್ದೆಯ ಇನ್ನೊಂದು ಅಂಶ ಹಲವು ಮಾಲೀಕರಿಗೆ ಗೊತ್ತಿಲ್ಲ. ಮಾಲು ಕಳೆದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿಗೆ ಸೀಮಿತ. 3,000 ರೂಪಾಯಿ ಬಾಡಿಗೆಯ 2 ಲಕ್ಷದ ಮಾಲು ಹೋದರೆ ಸಿಗುವುದು ಹೆಚ್ಚೆಂದರೆ 30,000. ಹೆಚ್ಚಿನ ಹೊಣೆ ಬೇಕಿದ್ದರೆ ಮೊದಲೇ ಬರೆಸಿ ಹೆಚ್ಚು ದರ ಕೊಡಬೇಕು, ಇಲ್ಲವೇ ಟ್ರಾನ್ಸಿಟ್ ವಿಮೆ ಮಾಡಿಸಬೇಕು. ದಾವೆ ಹೂಡುವ ಮೊದಲು, ಬುಕಿಂಗ್ ಆದ 180 ದಿನಗಳೊಳಗೆ, ಲಿಖಿತ ನೋಟಿಸ್ ಕೊಟ್ಟಿರಬೇಕು. ನಿಮ್ಮ ಸಲಹೆಗಾರರನ್ನು ಈ ಎರಡು ವಿಷಯ ಕೇಳಿ ನೋಡಿ.

ಪ್ರಶ್ನೆ (ಚನ್ನಪಟ್ಟಣ): ಮರದ ಆಟಿಕೆ ನಮ್ಮದು. ತಿಂಗಳಿಗೆ 30 ಸಾವಿರದಷ್ಟು ಪಾರ್ಟ್ ಲೋಡ್ ಖರ್ಚು. ನಮಗೂ ಸಲಹೆಗಾರರು ಬೇಕೇ?

ಉತ್ತರ: ಬೇಡ. ಒಂದು ಟೇಪು, ಒಂದು ಕ್ಯಾಲ್ಕುಲೇಟರ್ ಸಾಕು. ನಿಮ್ಮ ಮಾಲು ಹಗುರ, ಪೆಟ್ಟಿಗೆ ದೊಡ್ಡದು. ಹಾಗಾಗಿ ಬಿಲ್ ಬರುವುದು ಗಾತ್ರದ ತೂಕಕ್ಕೆ, ಅಂದರೆ ಪೆಟ್ಟಿಗೆಯ ಅಳತೆಯಿಂದ ಲೆಕ್ಕ ಹಾಕಿದ ತೂಕಕ್ಕೆ. 24×18×18 ಇಂಚಿನ ಪೆಟ್ಟಿಗೆಯ ಅಳತೆಗಳನ್ನು ಗುಣಿಸಿ 1728ರಿಂದ (ಒಂದು ಘನ ಅಡಿಯ ಘನ ಇಂಚುಗಳು) ಭಾಗಿಸಿದರೆ 4.5 ಘನ ಅಡಿ. ಘನ ಅಡಿಗೆ 8 ಕೆ.ಜಿ. ಎಂದು ಒಪ್ಪಂದವಿದ್ದರೆ 36 ಕೆ.ಜಿ. ಬಿಲ್, ಒಳಗಿರುವುದು 14 ಕೆ.ಜಿ. ಇರಬಹುದು. ಎತ್ತರ 3 ಇಂಚು ತಗ್ಗಿಸಿದರೆ 30 ಕೆ.ಜಿ.ಗೆ ಇಳಿಯುತ್ತದೆ. ಬದಲಿಗೆ 8ರ ಜಾಗದಲ್ಲಿ 6ಕ್ಕೆ ಒಪ್ಪಿಸಿದರೆ ಹಳೆಯ ಪೆಟ್ಟಿಗೆಯೇ 27 ಕೆ.ಜಿ. ಕೆ.ಜಿ. ದರಕ್ಕೆ ಗಂಟೆಗಟ್ಟಲೆ ಚೌಕಾಸಿ ಮಾಡಿ ಈ ಅಂಕಿಯನ್ನು ಕೇಳದೆ ಬರುವವರೇ ಹೆಚ್ಚು.

ಪ್ರಶ್ನೆ (ಸಕಲೇಶಪುರ): ಮಂಗಳೂರು ಬಂದರಿನ ಮೂಲಕ ಕಾಫಿ ರಫ್ತು ಶುರು ಮಾಡುತ್ತಿದ್ದೇವೆ. ಲಾರಿಯಿಂದ ಕಸ್ಟಮ್ಸ್‌ವರೆಗೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಾರಂತೆ.

ಉತ್ತರ: ಕಸ್ಟಮ್ಸ್ ಕೆಲಸಕ್ಕೆ ಮಾತ್ರ ಲೈಸೆನ್ಸ್ ಇದ್ದೇ ಇದೆ. 2018ರ ನಿಯಮಗಳಡಿ ಕಸ್ಟಮ್ಸ್ ಬ್ರೋಕರ್ ಪರವಾನಗಿ ಇವರದ್ದೋ, ಬೇರೆಯವರಿಂದ ಮಾಡಿಸುತ್ತಾರೋ ಕೇಳಿ. ಮಾಡಿಸುವುದಾದರೆ ಆ ಬ್ರೋಕರ್‌ನ ಬಿಲ್ ನೇರ ನಿಮ್ಮ ಹೆಸರಿಗೆ ಬರಲಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿದರೆ ಕಂಟೇನರ್ ಯಾವ ದಾರಿಯಲ್ಲಿ ಹೋಗುತ್ತದೆ, ಹೆಚ್ಚುವರಿ ಖರ್ಚು ಯಾರದ್ದು? ಇದಕ್ಕೆ ತಕ್ಷಣ ಉತ್ತರ ಇಲ್ಲದವರು ಆ ರಸ್ತೆಯಲ್ಲಿ ಸರಕು ಸಾಗಿಸಿದವರಲ್ಲ.

ಮರುಪ್ರಶ್ನೆ (ಬೆಳಗಾವಿ): ಮತ್ತೆ ಮಾತನಾಡಿದೆ. ಎರಡು ವರ್ಷದ ಅವಧಿಗೆ ಒಪ್ಪಿದರು. ಆದರೆ ಲಾರಿ ಬಾಡಿಗೆಯನ್ನೂ ತಮ್ಮ ಖಾತೆಗೇ ಹಾಕಬೇಕಂತೆ, ಅವರು ಹಂಚುತ್ತಾರಂತೆ.

ಉತ್ತರ: ಒಪ್ಪಬೇಡಿ. ನೀವು ಕೊಟ್ಟ ಹಣ ಲಾರಿಯವರಿಗೆ ತಲುಪದಿದ್ದರೆ ಅವರು ತಡೆದು ನಿಲ್ಲಿಸುವುದು ನಿಮ್ಮ ಮಾಲನ್ನು. ಬಾಡಿಗೆ ನೇರ ಸಾಗಣೆದಾರರಿಗೆ, ಶುಲ್ಕ ಸಲಹೆಗಾರರಿಗೆ; ಎರಡು ಬಿಲ್, ಎರಡು ಖಾತೆ. ಎರಡು ವರ್ಷವೂ ಹೆಚ್ಚಾಯಿತು. ಮೊದಲು ಪುಣೆ ಮಾರ್ಗವೊಂದನ್ನೇ ಮೂರು ತಿಂಗಳು ಕೊಟ್ಟು ನೋಡಿ. ದರಪಟ್ಟಿಗಳೂ ಸಾಗಣೆದಾರರ ಸಂಪರ್ಕವೂ ನಿಮ್ಮ ಕಡತದಲ್ಲೇ ಉಳಿಯುತ್ತವೆ ಎಂದು ಬರೆಸಿಕೊಳ್ಳಿ.