ಚಿತ್ರ ನೋಡಿ ನೋಡಿ ತಲೆ ತುಂಬಿದೆ, ಕೈ ಮಾತ್ರ ಓಡುತ್ತಿಲ್ಲ

ನೀಲಿಶಾಯಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲೆ ಓದುತ್ತಿರುವ ಎರಡನೇ ವರ್ಷದ ವಿದ್ಯಾರ್ಥಿನಿ. ಫೋನಿನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಚಿತ್ರಗಳನ್ನು ಸೇವ್ ಮಾಡಿಟ್ಟುಕೊಂಡಿದ್ದೇನೆ. ದಿನಾ ರಾತ್ರಿ ನೋಡುತ್ತೇನೆ, ಮೈ ಜುಮ್ಮೆನ್ನುತ್ತದೆ. ಬೆಳಿಗ್ಗೆ ಖಾಲಿ ಹಾಳೆ ಮುಂದೆ ಕೂತರೆ ಏನೂ ಹೊಳೆಯುವುದಿಲ್ಲ. ಕಲಾವಿದರ ಹೆಸರು, ಇಸವಿ ಎಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಮುಗಿದ ಮಾರನೇ ದಿನವೇ ಮರೆತುಹೋಯಿತು.

ಹೋದ ವಾರ ನನ್ನ ಸ್ಟಿಲ್ ಲೈಫ್ (ಎದುರಿಗೆ ವಸ್ತುಗಳನ್ನು ಇಟ್ಟುಕೊಂಡು ಬರೆದ ಚಿತ್ರ) ನೋಡಿ ಮೇಷ್ಟ್ರು ಒಂದೇ ಮಾತು ಹೇಳಿದರು: "ಬಾಟಲಿ ಬರೆದಿದ್ದೀಯ, ಗಾಜು ಬರೆದಿಲ್ಲ." ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಸ್ಫೂರ್ತಿ, ತಿಳಿವಳಿಕೆ ಇವೆಲ್ಲ ನಿಮಗೆ ಹೇಗೆ ಬಂತು? ಎಲ್ಲಿಂದ ಶುರು ಮಾಡಲಿ?

ಇದ್ದಿಲುಚೂರು:

ನಾನೂ ಇದೇ ಕಷ್ಟ ಪಟ್ಟವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಜಪಾನಿನ ಕಲಾವಿದ ಹೊಕುಸಾಯಿ ಮಾಡಿದ ದೊಡ್ಡ ಅಲೆಯ ಚಿತ್ರ, ಮರದ ಅಚ್ಚಿನ ಪ್ರಿಂಟ್, ಗೊತ್ತಲ್ವಾ? ನೂರಾರು ಸಲ ನೋಡಿದ್ದೆ. ಒಂದು ದಿನ ಸುಮ್ನೆ ಪೆನ್ಸಿಲ್ ಹಿಡಿದು ಅದನ್ನು ನಕಲು ಮಾಡಲು ಕೂತೆ. ಅಳತೆಯೂ ಅದರದ್ದೇ, ಸುಮಾರು 25 ಸೆಂ.ಮೀ. ಎತ್ತರ, 37 ಸೆಂ.ಮೀ. ಅಗಲ. ಅರ್ಧ ಗಂಟೆಯಾದ ಮೇಲೆ ಕಣ್ಣಿಗೆ ಬಿತ್ತು: ಅಲೆಯ ಕೆಳಗೆ ಮೂರು ದೋಣಿಗಳಿವೆ! ಒಳಗೆ ಜನ ತಲೆ ತಗ್ಗಿಸಿ, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ. ಮುಂದಿರುವ ಸಣ್ಣ ಅಲೆ ಹಿಂದಿರುವ ಫುಜಿ ಬೆಟ್ಟದ ಆಕಾರದಲ್ಲೇ ಇದೆ. ಇಷ್ಟು ವರ್ಷ ನಾನು ನೋಡಿದ್ದಾದರೂ ಏನನ್ನು ಅನ್ನಿಸಿತು.

ಆಮೇಲೆ ಬಣ್ಣ ಹಚ್ಚಲು ಹೋದರೆ ಆ ನೀಲಿ ಕೂಡಿಬರಲಿಲ್ಲ. ಯಾವ ನೀಲಿ ಅದು ಅಂತ ಹುಡುಕಿದೆ. ಪ್ರಷ್ಯನ್ ನೀಲಿಯಂತೆ. 18ನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಕೆಂಪು ಬಣ್ಣ ತಯಾರಿಸಲು ಹೋಗಿ ಆಕಸ್ಮಿಕವಾಗಿ ಸಿಕ್ಕಿದ್ದು. ಅಲ್ಲಿಂದ ಜಪಾನಿಗೆ ಹೇಗೆ ಬಂತು? ಮರದ ಅಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಯಾಕೆ? ಒಂದರಿಂದ ಇನ್ನೊಂದು ಪ್ರಶ್ನೆ. ಮೂರು ತಿಂಗಳು ಅದರಲ್ಲೇ ಮುಳುಗಿಬಿಟ್ಟಿದ್ದೆ. ಆ ಪ್ರಿಂಟ್ ಬಂದದ್ದು ಸುಮಾರು 1831ರಲ್ಲಿ, ಆಗ ಹೊಕುಸಾಯಿಗೆ ಎಪ್ಪತ್ತು ದಾಟಿತ್ತು. ಈ ಇಸವಿ ಬಾಯಿಪಾಠ ಮಾಡಿದ್ದಲ್ಲ, ತಾನಾಗಿ ಉಳಿದುಕೊಂಡಿತು.

ಎರಡು ಸಾವಿರದಲ್ಲಿ ಒಂದನ್ನು ಆರಿಸಿಕೊಳ್ಳಿ. ಉಳಿದವು ಎಲ್ಲಿಗೂ ಓಡಿಹೋಗುವುದಿಲ್ಲ.

ಹಳೇಕ್ಯಾನ್ವಾಸ್:

ನಕಲು ಮಾಡಲು ನಾಚಿಕೆ ಬೇಡಮ್ಮ. ವ್ಯಾನ್ ಗೋ ಕಲಾವಿದನಾಗಬೇಕು ಅಂತ ನಿರ್ಧರಿಸಿದ್ದು 1880ರಲ್ಲಿ, 27ನೇ ವಯಸ್ಸಿಗೆ. ಆಗಲೇ ಫ್ರೆಂಚ್ ಕಲಾವಿದ ಮಿಲೆಯ ಚಿತ್ರಗಳನ್ನು ನಕಲು ಮಾಡುತ್ತಿದ್ದ. ಒಂಬತ್ತು ವರ್ಷ ಬಿಟ್ಟು, ಆಸ್ಪತ್ರೆಯಲ್ಲಿದ್ದಾಗಲೂ ಮತ್ತೆ ಮಿಲೆಯ ಹತ್ತಿರವೇ ಹೋದ. ಕೈಯಲ್ಲಿದ್ದದ್ದು ಕಪ್ಪು-ಬಿಳುಪು ಪ್ರಿಂಟ್‌ಗಳು, ಬಣ್ಣ ಪೂರ್ತಿ ತನ್ನದೇ. ಅವನ್ನು ನೋಡಿ ಯಾರಾದರೂ ನಕಲು ಅನ್ನುತ್ತಾರಾ?

ಆದರೆ ನಕಲಿನಲ್ಲೇ ನಿಲ್ಲಬೇಡಿ. ಎದುರಿಗಿರುವ ವಸ್ತುವನ್ನು ನೋಡಿ ಬರೆಯುವುದು ಬೇರೆಯೇ ಕಸರತ್ತು. ನಿಮ್ಮ ಮೇಷ್ಟ್ರು ಹೇಳಿದ್ದು ಅದನ್ನೇ. ಒಂದು ಲೋಟ ನೀರು ಇಟ್ಟುಕೊಂಡು ಒಂದು ವಾರ ಅದನ್ನೇ ಬರೆಯಿರಿ.

ರಬ್ಬರ್‌ಪುಡಿ:

ನಕಲು ಮಾಡುವುದಾದರೆ ಫೋನಿನ ಸ್ಕ್ರೀನ್‌ಶಾಟ್ ಸಾಲದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ವೆಬ್‌ಸೈಟಿನಲ್ಲಿ ದೊಡ್ಡ ಅಳತೆಯ ಚಿತ್ರಗಳನ್ನು ಉಚಿತವಾಗಿ ಕೊಡುತ್ತವೆ. ಜೂಮ್ ಮಾಡಿದರೆ ಬ್ರಷ್ ಹೋದ ದಿಕ್ಕೂ ಕಾಣುತ್ತದೆ. ಚಿತ್ರದ ಕೆಳಗೆ ಅಳತೆ, ಮಾಧ್ಯಮ (ಯಾವ ಬಣ್ಣ, ಯಾವುದರ ಮೇಲೆ) ಬರೆದಿರುತ್ತಾರೆ, ಮೊದಲು ಅದನ್ನು ಓದಿ.

ನೀಲಿಶಾಯಿ:

ಹತ್ತು ದಿನ ಆಯಿತು, ಹೇಳಲೇಬೇಕು ಅನ್ನಿಸಿತು. ದಿನಾ ಒಂದು ಲೋಟ ನೀರು ಬರೆಯುತ್ತಿದ್ದೇನೆ. ಮೊದಲ ಎರಡು ದಿನ ಲೋಟದ ಅಂಚಿಗೆ ಗೆರೆ ಎಳೆದು ಒಳಗೆ ಶೇಡ್ ತುಂಬಿದೆ, ಹಳೇ ಬಾಟಲಿಯ ಥರವೇ ಆಯಿತು. ಮೂರನೇ ದಿನ ಗೊತ್ತಾಯಿತು, ಗಾಜಿಗೆ ಸುತ್ತಲೂ ಒಂದೇ ಗೆರೆ ಇಲ್ಲ. ಒಂದು ಕಡೆ ಅಂಚು ಕಡುಕಪ್ಪು, ಇನ್ನೊಂದು ಕಡೆ ಹಿಂದಿನ ಗೋಡೆಯಲ್ಲಿ ಕರಗಿಹೋಗಿದೆ. ಅಲ್ಲಿ ಗೆರೆ ಎಳೆಯದೆ ಬಿಟ್ಟೆ. ಆಗ ಗಾಜು ಬಂತು!

ನಿನ್ನೆ ಇನ್ನೊಂದು ಕಂಡೆ. ಲೋಟದಿಂದ ಒಂದು ಗೇಣು ಹಿಂದೆ ಪೆನ್ಸಿಲ್ ಹಿಡಿದು ಎಡಕ್ಕೆ ಸರಿಸಿದರೆ, ನೀರಿನೊಳಗೆ ಅದು ಬಲಕ್ಕೆ ಹೋಗುತ್ತದೆ. ಯಾಕೆ ಅಂತ ತಿಳಿಯಲು ಈಗ ಬೆಳಕಿನ ಪಾಠ ಹಿಡಿದು ಕೂತಿದ್ದೇನೆ. ಇದ್ದಿಲುಚೂರು ಅವರೇ, ನಿಮ್ಮ ನೀಲಿಯ ಹಾಗೇ ನನಗೂ ಒಂದು ಸಿಕ್ಕಿತು ಅನ್ನಿಸುತ್ತಿದೆ.